ಮಕ್ಕಳ ಕ್ಯಾನ್ಸರ್ ಚಿಕಿತ್ಸೆಗೆ ಮ್ಯಾರಥಾನ್: ಓಡುವುದು ಹೇಗೆ, ಹಣ ಕೇಳುವುದು ಹೇಗೆ?

ಜನವರಿಯ ಮೂರನೇ ಭಾನುವಾರ ಮುಂಬೈ ಮ್ಯಾರಥಾನ್. ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನಿಂದ ರೈಲು ಹತ್ತಿ ಓಡಲು ಹೋಗುವವರು ಬೇಕಾದಷ್ಟು ಜನ ಇದ್ದಾರೆ. 42.195 ಕಿಲೋಮೀಟರ್ ಹೇಗೂ ಓಡುತ್ತೇವೆ, ಜೊತೆಗೆ ಕ್ಯಾನ್ಸರ್ ಬಂದ ಮಕ್ಕಳಿಗೆ ಒಂದಿಷ್ಟು ಹಣವನ್ನೂ ಸೇರಿಸಬಹುದಲ್ವಾ ಎನ್ನುವವರಿಗೆ ಈ ಬರಹ. ಓಡಲು ತಯಾರಾಗುವುದಕ್ಕಿಂತ ಕೇಳಲು ತಯಾರಾಗುವುದೇ ಕಷ್ಟ. ಹಾಗಾಗಿ ಇಲ್ಲಿ ಕೇಳುವ ಮಾತೇ ಜಾಸ್ತಿ.

ಮೊದಲು, ಹಣ ಯಾವುದಕ್ಕೆ?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಪ್ರಪಂಚದಾದ್ಯಂತ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳಿಗೆ, ಹದಿಹರೆಯದವರಿಗೆ ಕ್ಯಾನ್ಸರ್ ಬರುತ್ತದೆ. ಶ್ರೀಮಂತ ದೇಶಗಳಲ್ಲಿ ಶೇ 80ಕ್ಕೂ ಹೆಚ್ಚು ಮಕ್ಕಳು ಗುಣವಾಗುತ್ತಾರೆ. ಆದಾಯ ಕಡಿಮೆ ಇರುವ ಎಷ್ಟೋ ದೇಶಗಳಲ್ಲಿ ಈ ಪ್ರಮಾಣ ಶೇ 30 ಕೂಡ ಮುಟ್ಟುವುದಿಲ್ಲ. ಕಾಯಿಲೆ ತಡವಾಗಿ ಗೊತ್ತಾಗುವುದು ಒಂದು ಕಾರಣ. ಚಿಕಿತ್ಸೆ ಅರ್ಧಕ್ಕೇ ನಿಲ್ಲುವುದು ಇನ್ನೊಂದು.

ಈ ಎರಡನೆಯದನ್ನು ಸ್ವಲ್ಪ ನೋಡೋಣ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರ್‌ಗೆ ಎರಡು-ಮೂರು ವರ್ಷ ಚಿಕಿತ್ಸೆ ಬೇಕು. ರಾಯಚೂರು ಕಡೆಯ ಕೂಲಿ ಕುಟುಂಬವೊಂದು ಮಗುವನ್ನು ಕರೆದುಕೊಂಡು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಬಂದಿದೆ ಎಂದುಕೊಳ್ಳಿ. ಔಷಧಿಗೆ ಸರ್ಕಾರದ ಯೋಜನೆ ಸಿಗಬಹುದು. ಆದರೆ ತಿಂಗಳುಗಟ್ಟಲೆ ಉಳಿಯುವುದೆಲ್ಲಿ? ಊಟಕ್ಕೇನು? ಊರಲ್ಲಿ ಬಿಟ್ಟು ಬಂದ ಇನ್ನೊಂದು ಮಗುವನ್ನು ನೋಡುವವರು ಯಾರು? ಕೂಲಿ ತಪ್ಪಿದ್ದಕ್ಕೆ ಏನು ಮಾಡುವುದು? ಮಗು ಸ್ವಲ್ಪ ಚೇತರಿಸಿಕೊಂಡಂತೆ ಕಂಡರೆ ಸಾಕು, ಕೆಲವರು ಊರಿಗೆ ಹೊರಟೇಬಿಡುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ.

ಹಾಗಾಗಿ ಔಷಧಿಯಷ್ಟೇ ವಸತಿ, ಊಟ, ಬಸ್ ಚಾರ್ಜಿಗೂ ದುಡ್ಡು ಬೇಕು. ಮುಂಬೈಯಲ್ಲಿ 2006ರಲ್ಲಿ ಶುರುವಾದ ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಸೆಂಟರ್ಸ್ ಇಂಥ ಕುಟುಂಬಗಳಿಗೆ ಉಚಿತ ವಸತಿ ಕೊಡುತ್ತದೆ. ಕಡಲ್ಸ್ ಫೌಂಡೇಶನ್ ಚಿಕಿತ್ಸೆಯಲ್ಲಿರುವ ಮಕ್ಕಳ ಊಟ, ಪೌಷ್ಟಿಕ ಆಹಾರ ನೋಡಿಕೊಳ್ಳುತ್ತದೆ. ನೀವು ಯಾವ ಸಂಸ್ಥೆಯನ್ನೇ ಆರಿಸಿ, ಮೊದಲು ಒಂದು ಫೋನ್ ಮಾಡಿ. ದಾನಿಗಳಿಗೆ ತೆರಿಗೆ ವಿನಾಯಿತಿ ಸಿಗುವ ನೋಂದಣಿ (80ಜಿ ಎಂದು ಕರೆಯುವುದು) ಇದೆಯಾ, ಕಳೆದ ವರ್ಷದ ಆಡಿಟ್ ವರದಿ ನೋಡಬಹುದಾ, ನನ್ನ ಹಣ ನಿರ್ದಿಷ್ಟವಾಗಿ ಯಾವುದಕ್ಕೆ ಹೋಗುತ್ತದೆ ಎಂದು ಕೇಳಿ. ಉತ್ತರ ಕೊಡಲು ಹಿಂಜರಿದರೆ ಬೇರೆ ಸಂಸ್ಥೆ ಹುಡುಕಿ.

ಹೆಸರು ನೋಂದಾಯಿಸುವುದು

ದೊಡ್ಡ ಓಟಗಳಲ್ಲಿ ಹಣ ಸಂಗ್ರಹಕ್ಕೆಂದೇ ವ್ಯವಸ್ಥೆ ಇರುತ್ತದೆ. ಮುಂಬೈಯಲ್ಲಿ ಅದನ್ನು ಯುನೈಟೆಡ್ ವೇ ಮುಂಬೈ ನಡೆಸುತ್ತದೆ. ಬೆಂಗಳೂರಿನ ವರ್ಲ್ಡ್ 10ಕೆ ಓಟಕ್ಕೂ ಹೀಗೆಯೇ ಪಾಲುದಾರ ಸಂಸ್ಥೆ ಇದೆ. ಸಾಮಾನ್ಯ ಬಿಬ್‌ಗಳು (ಓಟಗಾರರು ಎದೆಗೆ ಹಚ್ಚಿಕೊಳ್ಳುವ ನಂಬರ್ ಚೀಟಿ) ಮುಗಿದಿದ್ದರೂ ಹಣ ಸಂಗ್ರಹಿಸುವವರಿಗೆಂದೇ ಇಟ್ಟ ಚಾರಿಟಿ ಬಿಬ್ ಸಿಗುವ ಸಾಧ್ಯತೆ ಇರುತ್ತದೆ. ನಿಯಮಗಳು ವರ್ಷ ವರ್ಷ ಬದಲಾಗುತ್ತವೆ, ನೋಡಿಕೊಂಡೇ ಹಣ ಕಟ್ಟಿ.

ಈಗ ಕೇಳುವ ಕೆಲಸ

ಸೆಪ್ಟೆಂಬರ್ ಮಕ್ಕಳ ಕ್ಯಾನ್ಸರ್ ಜಾಗೃತಿಯ ತಿಂಗಳು. ಜನವರಿಯ ಓಟಕ್ಕೆ ಆಗಲೇ ಹಣ ಸಂಗ್ರಹದ ಆನ್‌ಲೈನ್ ಪೇಜ್ ತೆರೆದರೆ ನಾಲ್ಕು ತಿಂಗಳು ಸಿಗುತ್ತದೆ. ಮೊದಲ ದುಡ್ಡು ನಿಮ್ಮದೇ ಆಗಿರಲಿ. ಸೊನ್ನೆ ತೋರಿಸುವ ಪೇಜಿಗೆ ಯಾರೂ ಮೊದಲು ಹಾಕಲು ಮುಂದೆ ಬರುವುದಿಲ್ಲ.

ವಾಟ್ಸಾಪ್ ಗ್ರೂಪಿನಲ್ಲಿ ಲಿಂಕ್ ಹಾಕಿ ಕೂತರೆ ಕೈ ಮುಗಿಯುವ ಇಮೋಜಿಗಳು ಬರುತ್ತವೆ, ದುಡ್ಡು ಬರುವುದಿಲ್ಲ. ಒಬ್ಬೊಬ್ಬರಿಗೂ ಹೆಸರು ಹಿಡಿದು ಬರೆಯಬೇಕು, ಇಷ್ಟು ಎಂದು ಹೇಳಬೇಕು. ಇಷ್ಟು ಎಂದು ಹೇಳಿ ಕೇಳಿದವರಲ್ಲಿ ಕೆನಡಾದ ಟೆರ್ರಿ ಫಾಕ್ಸ್ ಕೂಡ ಒಬ್ಬ. ಮೂಳೆ ಕ್ಯಾನ್ಸರ್‌ನಿಂದ 1977ರಲ್ಲಿ ಬಲಗಾಲು ಕಳೆದುಕೊಂಡ ಹುಡುಗ, ಕ್ಯಾನ್ಸರ್ ಸಂಶೋಧನೆಗೆ ಹಣ ಸೇರಿಸಲು ದೇಶದ ಈ ತುದಿಯಿಂದ ಆ ತುದಿಗೆಂದು ಹೊರಟು, 1980ರಲ್ಲಿ ಕೃತಕ ಕಾಲಿನಲ್ಲಿ 143 ದಿನ, 5,373 ಕಿ.ಮೀ. ಓಡಿದ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದ್ದರಿಂದ ದೇಶದ ಆ ತುದಿ ಮುಟ್ಟಲಾಗಲಿಲ್ಲ. ಅವನು ಕೇಳಿದ್ದು ಕೆನಡಾದ ಪ್ರತಿಯೊಬ್ಬರಿಂದ ಒಂದು ಡಾಲರ್. ಮರುವರ್ಷದ ಫೆಬ್ರುವರಿ ಹೊತ್ತಿಗೆ ಅಷ್ಟೂ ಸೇರಿತ್ತು.

ಮೆಸೇಜ್ ಹೀಗಿದ್ದರೆ ಸಾಕು:

"ಚಿಕ್ಕಪ್ಪ, ಜನವರಿಯಲ್ಲಿ ಮುಂಬೈ ಮ್ಯಾರಥಾನ್ ಓಡ್ತಾ ಇದ್ದೀನಿ. ಕ್ಯಾನ್ಸರ್ ಚಿಕಿತ್ಸೆಗೆ ಬಂದ ಮಕ್ಕಳು, ಅವರ ಅಪ್ಪ-ಅಮ್ಮ ಉಳ್ಕೊಳ್ಳೋಕೆ ಜಾಗ ಕೊಡೋ ಸಂಸ್ಥೆಗೆ ಹಣ ಸೇರಿಸ್ತಿದ್ದೀನಿ. ನಿಮ್ಮಿಂದ ಸಾವಿರ ರೂಪಾಯಿ ಆಗುತ್ತಾ? ದುಡ್ಡು ನೇರವಾಗಿ ಸಂಸ್ಥೆಗೇ ಹೋಗುತ್ತೆ."

ತಿಂಗಳ ಮೊದಲ ವಾರ ಕಳಿಸಿ, ಸಂಬಳ ಆಗಿರುತ್ತದೆ. ಹತ್ತು ದಿನ ಬಿಟ್ಟು ಒಮ್ಮೆ ನೆನಪಿಸಿ. ಆಮೇಲೆ ಸುಮ್ನೆ ಬಿಟ್ಟುಬಿಡಿ. ಕಂಪನಿಯಲ್ಲಿದ್ದರೆ ಎಚ್‌ಆರ್‌ನವರನ್ನು ವಿಚಾರಿಸಿ. ಉದ್ಯೋಗಿ ಸೇರಿಸಿದಷ್ಟೇ ಹಣವನ್ನು ತಾವೂ ಕೊಡುವ ಕಂಪನಿಗಳಿವೆ.

ಕೆಲವು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ನಿಮ್ಮ ಸ್ವಂತ ಫೋನ್‌ಪೇಗೆ ಹಣ ಹಾಕಿಸಿಕೊಳ್ಳಬೇಡಿ. ಶೂ, ರೈಲು, ರೂಮಿನ ಖರ್ಚು ನಿಮ್ಮದೇ. ಕೂದಲು ಉದುರಿದ ಮಗುವಿನ ಫೋಟೊ ಹಾಕಿ ಕಣ್ಣೀರು ತರಿಸುವುದು ಬೇಡವೇ ಬೇಡ. ಆ ಮಗು ನಾಳೆ ಗುಣವಾಗಿ ಶಾಲೆಗೆ ಹೋಗಬೇಕು. ಅಮೆರಿಕದಲ್ಲಿರುವ ನಿಮ್ಮ ಅಕ್ಕ ಭಾರತದ ಪಾಸ್‌ಪೋರ್ಟ್ ಬಿಟ್ಟು ಅಲ್ಲಿನ ಪೌರತ್ವ ಪಡೆದಿದ್ದರೆ ಅವರ ದುಡ್ಡು ವಿದೇಶಿ ದೇಣಿಗೆಯಾಗುತ್ತದೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಇರುವ ಸಂಸ್ಥೆ ಮಾತ್ರ ಅದನ್ನು ತೆಗೆದುಕೊಳ್ಳಬಹುದು.

ಓಟ

ನಿಲ್ಲದೆ 10 ಕಿ.ಮೀ. ಓಡಬಲ್ಲವರಿಗೂ ಫುಲ್ ಮ್ಯಾರಥಾನ್‌ಗೆ ನಾಲ್ಕರಿಂದ ಐದು ತಿಂಗಳು ಬೇಕು. ಅಷ್ಟು ಇಲ್ಲದಿದ್ದರೆ ಹಾಫ್ ಓಡಿ, ದಾನಿಗಳೇನೂ ಬೇಜಾರಾಗುವುದಿಲ್ಲ. ವಾರಕ್ಕೆ ಮೂರು-ನಾಲ್ಕು ದಿನ ಓಟ, ಭಾನುವಾರ ಲಾಂಗ್ ರನ್. ದೂರವನ್ನು ನಿಧಾನವಾಗಿ ಏರಿಸುತ್ತಾ 30 ಕಿ.ಮೀ. ಆಸುಪಾಸಿಗೆ ತಂದು, ಕೊನೆಯ ಎರಡು-ಮೂರು ವಾರ ಇಳಿಸಿ. ಕಬ್ಬನ್ ಪಾರ್ಕಿನ ತಂಪಿನಲ್ಲಿ ಓಡಿದವರಿಗೆ ಮುಂಬೈಯ ಸೆಕೆ ಹೊಸದು. ಒಂದೆರಡು ಲಾಂಗ್ ರನ್ ಬೇಕೆಂದೇ ತಡವಾಗಿ, ಬಿಸಿಲಲ್ಲಿ ಮಾಡಿ. ಬಾಯಾರಿದಷ್ಟೇ ಕುಡಿಯಿರಿ. ಬರೀ ನೀರನ್ನೇ ಜಾಸ್ತಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಅಪಾಯವಾಗುತ್ತದೆ. ಮುಂಬೈ ಓಟದ ದಾರಿಯಲ್ಲಿ ಬರುವ ಪೆಡ್ಡರ್ ರೋಡಿನ ಏರಿಗೆ ಸ್ವಲ್ಪ ಶಕ್ತಿ ಉಳಿಸಿಕೊಳ್ಳಿ.

ಓಟ ಮುಗಿದ ಮೇಲೆ

ಅದೇ ವಾರ ಎಲ್ಲರಿಗೂ ಥ್ಯಾಂಕ್ಸ್ ಹೇಳಿ, ಒಟ್ಟು ಎಷ್ಟು ಸೇರಿತು ಎಂದು ತಿಳಿಸಿ. ಕೊನೇ ಗಳಿಗೆಯಲ್ಲಿ ಕೊಡುವವರೂ ಇರುತ್ತಾರೆ, ಪೇಜ್ ಕೆಲವು ದಿನ ತೆರೆದಿರಲಿ. ತೆರಿಗೆ ವಿನಾಯಿತಿ ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಮಾತ್ರ. ಅದಕ್ಕೆ ದಾನಿಯ ಪ್ಯಾನ್ ಸಂಖ್ಯೆ ಬೇಕು, 2,000 ರೂಪಾಯಿಗಿಂತ ಹೆಚ್ಚಿನ ದಾನ ನಗದಾಗಿ ಕೊಟ್ಟಿರಬಾರದು. ಸರ್ಟಿಫಿಕೇಟ್ ಕೊಡಬೇಕಾದವರು ಸಂಸ್ಥೆಯವರು. ಸಮಯಕ್ಕೆ ಬರದಿದ್ದರೆ ಫೋನ್ ಮಾಡಿ ಜ್ಞಾಪಿಸುವ ಕೆಲಸ ನಿಮ್ಮದು. ಚಿಕ್ಕಪ್ಪ ಕೇಳುವುದು ನಿಮ್ಮನ್ನೇ ಅಲ್ವಾ?