‘ತೋಸ್ಕಾ’ದ ಒಂದು ಸಾಲಿನ ಮುಂದೆ ನಿಂತದ್ದು

ಪಿಎಚ್‌.ಡಿಗೆ ಸೇರಿದಾಗ ನನ್ನ ವಿಷಯ ‘ಚೆಕಾಫ್ ಮತ್ತು ಕನ್ನಡ ಸಣ್ಣಕತೆಗಳಲ್ಲಿ ದುಃಖ’. ರಷ್ಯನ್ ಕತೆಗಾರ ಚೆಕಾಫ್ ಒಂದು ಕಡೆ, ಕನ್ನಡದವರು ಇನ್ನೊಂದು ಕಡೆ. ಎರಡೂ ಕಡೆಯ ಬಡವರನ್ನು, ಸಾವುಗಳನ್ನು ಪಟ್ಟಿಮಾಡಿ ಪಕ್ಕಪಕ್ಕ ಇಟ್ಟರೆ ತೌಲನಿಕ ಅಧ್ಯಯನವಾಯಿತು ಎಂದುಕೊಂಡಿದ್ದೆ. ಮೊದಲ ಅಧ್ಯಾಯ ಓದಿದ ಮಾರ್ಗದರ್ಶಕರು ಕೇಳಿದರು: ‘ನೀವು ಹೋಲಿಸುತ್ತಿರುವುದು ಚೆಕಾಫ್‌ನನ್ನೋ, ಅವನ ಇಂಗ್ಲಿಷ್ ಅನುವಾದಕಿಯನ್ನೋ?’

ಎರಡು ವರ್ಷ ರಷ್ಯನ್ ಕಲಿತೆ. ವಿಭಕ್ತಿಗಳು ಹೆದರಿಸಲಿಲ್ಲ. ‘ಅವನು ಮೇಷ್ಟ್ರು’ ಎಂದು ಕ್ರಿಯಾಪದವಿಲ್ಲದೆ ಹೇಳುವುದು ಅಲ್ಲಿಯೂ ಸಹಜ. ಕಾಡಿದ್ದು ಕ್ರಿಯಾಪದಗಳ ಜೋಡಿಗಳು, ಮುಗಿದ ಕೆಲಸಕ್ಕೊಂದು, ನಡೆಯುತ್ತಲೇ ಇದ್ದ ಕೆಲಸಕ್ಕೊಂದು. ‘ಬರೆಯುತ್ತಿದ್ದ’, ‘ಬರೆದುಬಿಟ್ಟ’ ಎಂದು ಗಟ್ಟಿಯಾಗಿ ಹೇಳಿಕೊಂಡೇ ಅವು ಕಿವಿಗೆ ಹತ್ತಿದವು.

ಆಮೇಲೆ ಚೆಕಾಫ್ 1886ರಲ್ಲಿ ಬರೆದ ‘ತೋಸ್ಕಾ’ (ಅಂದರೆ ಸಂಕಟ) ಕತೆ ಹಿಡಿದೆ. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ: ರಷ್ಯನ್, ಅನುವಾದಕಿ ಕಾನ್‌ಸ್ಟನ್ಸ್ ಗಾರ್ನೆಟ್‌ರ ಇಂಗ್ಲಿಷ್, ನನ್ನ ಕನ್ನಡ. ದಿನಕ್ಕೆ ಹತ್ತು ಸಾಲು ಮಾತ್ರ. ಮಗನನ್ನು ಕಳೆದುಕೊಂಡ ಗಾಡಿಯವನು ಇಯೋನಾ. ಹೇಳಿಕೊಳ್ಳಲು ಒಬ್ಬ ಮನುಷ್ಯನೂ ಸಿಗದೆ ಕೊನೆಗೆ ತನ್ನ ಕುದುರೆಗೆ ಹೇಳಿಕೊಳ್ಳುತ್ತಾನೆ. ಗಾಡಿ ಹತ್ತಿದವರು ಅವನನ್ನು ‘ನೀನು’ ಎನ್ನುತ್ತಾರೆ. ಅವನೂ ಕುದುರೆಗೆ ‘ನೀನು’ ಎನ್ನುತ್ತಾನೆ. ಒಂದು ತಾತ್ಸಾರದ ಏಕವಚನ, ಇನ್ನೊಂದು ಸಲಿಗೆಯದು. ಇಂಗ್ಲಿಷಿನಲ್ಲಿ ಅಳಿಸಿಹೋಗುವ ಈ ಅಂತರ ಕನ್ನಡಕ್ಕೆ ಹುಟ್ಟಿನಿಂದಲೇ ಗೊತ್ತು. ಇಂಗ್ಲಿಷಿನ ಮೂಲಕ ಬಂದ ಕನ್ನಡ ಅನುವಾದ ಮಾತ್ರ ಅದನ್ನು ಊಹಿಸಿಯೇ ತುಂಬಬೇಕು.

ಇಯೋನಾ ಆ ಹೆಣ್ಣುಕುದುರೆಯನ್ನು ‘ಬ್ರಾತ್’, ಅಂದರೆ ತಮ್ಮಾ, ಎಂದು ಕರೆಯುತ್ತಾನೆ. ಗಾರ್ನೆಟ್‌ರಲ್ಲಿ ಅದು ಮುದಿಹುಡುಗಿ ಎಂಬರ್ಥದ ಮುದ್ದುಮಾತಾಗಿದೆ. ನನಗೆ ನೆನಪಾದದ್ದು ಅಜ್ಜಿ. ಪ್ರೀತಿ ಉಕ್ಕಿದಾಗ ಮೊಮ್ಮಗಳಾದ ನನ್ನನ್ನು ‘ಬಾರೋ’ ಎಂದೇ ಕರೆಯುತ್ತಿದ್ದರು. ಆ ಸಾಲನ್ನು ಒಂದೇ ಉಸಿರಿಗೆ ಕನ್ನಡಕ್ಕೆ ತಂದೆ.

ಮುಂದಿನ ಸಾಲು ಬರಲಿಲ್ಲ. ಅಲ್ಲಿ ತಂದೆ ಸತ್ತ ಮಗನನ್ನು ‘ಕುಜ್ಮಾ ಇಯೋನಿಚ್’ ಎನ್ನುತ್ತಾನೆ. ಇಯೋನಿಚ್ ಎಂದರೆ ಇಯೋನಾನ ಮಗ. ಹಿರಿಯರಿಗೆ ಸಲ್ಲುವ ಮರ್ಯಾದೆ ಅದು, ಮಗನ ಹೆಸರಿನೊಳಗೇ ತಂದೆಯ ಹೆಸರೂ ಇದೆ. ‘ತೀರಿಕೊಂಡರು’ ಎಂದು ಬರೆದರೆ ಯಾರೋ ಪರಕೀಯ ಹಿರಿಯರು ಸತ್ತಂತೆ ಕೇಳಿಸಿತು. ‘ತೀರಿಕೊಂಡ’ ಎಂದರೆ ಆ ಗೌರವ ಹೋಯಿತು. ಮೂರನೆಯ ಕಾಲಂ ನಾಲ್ಕು ತಿಂಗಳು ಖಾಲಿ ಉಳಿಯಿತು.

ದುಃಖದ ಪಟ್ಟಿಯನ್ನು ಕೈಬಿಟ್ಟು, ಸಂಬೋಧನೆಯ ರೂಪಗಳನ್ನೇ ವಿಷಯವಾಗಿ ತೆಗೆದುಕೊಂಡೆ. ಆ ಖಾಲಿ ಜಾಗದಿಂದಲೇ ನನ್ನ ಮೂರನೆಯ ಅಧ್ಯಾಯ ಶುರುವಾಗುತ್ತದೆ.