ಅಂಡಾಣು ಬಿಡುಗಡೆಗೆ ಐದು ದಿನದ ಮಾತ್ರೆ: ಹೇಗೆ ಕೆಲಸ ಮಾಡುತ್ತದೆ, ಹೇಗೆ ತೆಗೆದುಕೊಳ್ಳಬೇಕು?

ಪಿಸಿಒಡಿಯಿಂದಾಗಿ (ಅಂಡಾಣು ಸರಿಯಾಗಿ ಬಲಿತು ಹೊರಬಾರದ ಹಾರ್ಮೋನ್ ತೊಂದರೆ; ಪಿಸಿಒಎಸ್ ಎಂದೂ ಕರೆಯುತ್ತಾರೆ) ಮುಟ್ಟು ಎರಡು–ಮೂರು ತಿಂಗಳಿಗೊಮ್ಮೆ ಬರುವವರು ಮಗು ಬೇಕೆಂದು ಬಂದಾಗ ವೈದ್ಯರು ಸಾಮಾನ್ಯವಾಗಿ ಮೊದಲು ಬರೆದುಕೊಡುವುದು ಲೆಟ್ರೋಜೋಲ್ ಅಥವಾ ಕ್ಲೋಮಿಫೀನ್ ಮಾತ್ರೆ. ಇವು ಹೊಸ ಅಂಡಾಣುವನ್ನು ಹುಟ್ಟಿಸುವುದಿಲ್ಲ. ಹುಟ್ಟಿನಿಂದಲೇ ಅಂಡಾಶಯದಲ್ಲಿರುವ ಅಂಡಾಣುಗಳಲ್ಲಿ ಒಂದು ಬಲಿತು ಹೊರಬರುವಂತೆ ಮಾಡುತ್ತವೆ, ಅದೂ ಮಿದುಳಿನ ಮೂಲಕ.

ಅಂಡಾಶಯದಿಂದ ಬರುವ ಈಸ್ಟ್ರೋಜನ್ ಹಾರ್ಮೋನ್ ಎಷ್ಟಿದೆ ಎಂದು ಮಿದುಳಿನ ಹೈಪೋಥಲಮಸ್ ಸದಾ ಗಮನಿಸುತ್ತಿರುತ್ತದೆ. ಈಸ್ಟ್ರೋಜನ್ ಇಳಿದರೆ ಪಿಟ್ಯುಟರಿ ಗ್ರಂಥಿಗೆ ಸಂದೇಶ ಹೋಗಿ, ಅಲ್ಲಿಂದ ಎಫ್‌ಎಸ್‌ಎಚ್ ಎಂಬ ಹಾರ್ಮೋನ್ ಹೆಚ್ಚು ಸುರಿಯುತ್ತದೆ. ಅಂಡಾಣುವಿರುವ ನೀರಗುಳ್ಳೆಯನ್ನು, ಅಂದರೆ ಫಾಲಿಕಲ್ ಅನ್ನು, ಬೆಳೆಸುವುದು ಈ ಎಫ್‌ಎಸ್‌ಎಚ್. ಕ್ಲೋಮಿಫೀನ್ ಹೈಪೋಥಲಮಸ್‌ನಲ್ಲಿ ಈಸ್ಟ್ರೋಜನ್ ಕೂರುವ ಜಾಗದಲ್ಲಿ ತಾನು ಕೂತುಬಿಡುತ್ತದೆ. ಈಸ್ಟ್ರೋಜನ್ ಇದ್ದರೂ ಇಲ್ಲವೆಂದು ಮಿದುಳು ತಿಳಿಯುತ್ತದೆ. ಲೆಟ್ರೋಜೋಲ್ ಈಸ್ಟ್ರೋಜನ್ ತಯಾರಿಸುವ ಅರೊಮಟೇಸ್ ಕಿಣ್ವವನ್ನೇ ತಡೆಯುತ್ತದೆ. ಕ್ಲೋಮಿಫೀನ್‌ನ ಒಂದಂಶ ವಾರಗಟ್ಟಲೆ ದೇಹದಲ್ಲಿ ಉಳಿದು ಗರ್ಭಕೋಶದ ಒಳಪದರವನ್ನು ತೆಳುವಾಗಿಸಬಹುದು. ಲೆಟ್ರೋಜೋಲ್ ಬೇಗ ಹೊರಹೋಗುತ್ತದೆ. 2014ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಪಿಸಿಒಎಸ್ ಇದ್ದ ಮಹಿಳೆಯರ ಪೈಕಿ ಲೆಟ್ರೋಜೋಲ್ ಪಡೆದವರಲ್ಲಿ ಶೇ 27.5, ಕ್ಲೋಮಿಫೀನ್ ಪಡೆದವರಲ್ಲಿ ಶೇ 19.1 ಮಂದಿಗೆ ಮಗುವಾಯಿತು. ಭಾರತದಲ್ಲಿ ಬಂಜೆತನದ ಚಿಕಿತ್ಸೆಗೆ ಲೆಟ್ರೋಜೋಲ್ ಬಳಸುವುದಕ್ಕೆ 2011ರಲ್ಲಿ ಹಾಕಿದ್ದ ನಿಷೇಧ 2017ರಲ್ಲಿ ತೆರವಾಯಿತು.

ಮಾತ್ರೆಗೆ ಮೊದಲು ಗಂಡನ ವೀರ್ಯ ಪರೀಕ್ಷೆ, ಹೆಂಡತಿಯ ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ಪರೀಕ್ಷೆ ಆಗಲಿ. ಗರ್ಭನಾಳ ಮುಚ್ಚಿರುವ ಅನುಮಾನವಿದ್ದರೆ ಅದನ್ನೂ ನೋಡಿಸಿ. ನಾಳ ಮುಚ್ಚಿದ್ದರೆ ಅಂಡಾಣು ಎಷ್ಟು ಚೆನ್ನಾಗಿ ಬಲಿತರೂ ಪ್ರಯೋಜನವಿಲ್ಲ. ಗರ್ಭ ನಿಂತಿಲ್ಲ ಎಂಬುದೂ ಖಚಿತವಾಗಬೇಕು.

ಮುಟ್ಟಿನ ದಿನದ ಎಣಿಕೆಯಲ್ಲಿ ಬಹಳ ಮಂದಿ ತಪ್ಪುತ್ತಾರೆ. ಕಲೆ ಕಂಡದ್ದಲ್ಲ, ಸರಿಯಾಗಿ ಸ್ರಾವ ಶುರುವಾದದ್ದೇ ಮೊದಲ ದಿನ. ಸಾಮಾನ್ಯವಾಗಿ 3ರಿಂದ 7ನೇ ದಿನದವರೆಗೆ, ದಿನವೂ ಒಂದೇ ಹೊತ್ತಿಗೆ ಲೆಟ್ರೋಜೋಲ್ 2.5 ಮಿಲಿಗ್ರಾಂ ಅಥವಾ ಕ್ಲೋಮಿಫೀನ್ 50 ಮಿಲಿಗ್ರಾಂನಿಂದ ಆರಂಭಿಸುತ್ತಾರೆ. ಕ್ಲೋಮಿಫೀನ್ ತೆಗೆದುಕೊಳ್ಳುವಾಗ ಕಣ್ಣು ಮಂಜಾದರೆ, ಮಿಂಚು ಕಂಡಂತಾದರೆ ಕೂಡಲೇ ನಿಲ್ಲಿಸಿ ವೈದ್ಯರಿಗೆ ತಿಳಿಸಿ.

ಮಾತ್ರೆ ಮುಗಿದ ಮೇಲೆ, 10–12ನೇ ದಿನದಿಂದ ಸ್ಕ್ಯಾನಿಂಗ್. ಹಣ ಉಳಿಸಲು ಇದನ್ನು ಬಿಡುವವರಿದ್ದಾರೆ, ದಯವಿಟ್ಟು ಬಿಡಬೇಡಿ. ಫಾಲಿಕಲ್ ದಿನಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ಅದು 18–20 ಮಿಲಿಮೀಟರ್ ತಲುಪಿದಾಗ ಎಷ್ಟೋ ಕಡೆ ಎಚ್‌ಸಿಜಿ ಇಂಜೆಕ್ಷನ್ ಕೊಡುತ್ತಾರೆ. ಅದು ಎಲ್‌ಎಚ್ ಹಾರ್ಮೋನಿನ ಕೆಲಸ ಮಾಡಿ, ಸುಮಾರು 36 ಗಂಟೆಗಳ ನಂತರ ಅಂಡಾಣು ಹೊರಬರುವಂತೆ ಮಾಡುತ್ತದೆ. ಇಂಜೆಕ್ಷನ್ ದಿನ ಮತ್ತು ಮುಂದಿನ ಎರಡು ದಿನ ದಂಪತಿ ಕೂಡಬೇಕಾದ ದಿನಗಳು. ಮೂರ್ನಾಲ್ಕು ಫಾಲಿಕಲ್ ಒಟ್ಟಿಗೆ ಬಲಿತಿದ್ದರೆ ಅವಳಿ, ತ್ರಿವಳಿಯ ಅಪಾಯವಿರುವುದರಿಂದ ವೈದ್ಯರು ಆ ತಿಂಗಳು ಇಂಜೆಕ್ಷನ್ ಕೊಡದೆ, ಕೂಡಬೇಡಿ ಎನ್ನಬಹುದು. ಸ್ಕ್ಯಾನ್ ಇಲ್ಲದೆ ಇದು ಗೊತ್ತಾಗುವುದೇ ಇಲ್ಲ. ಮನೆಯ ಎಲ್‌ಎಚ್ ಮೂತ್ರಪರೀಕ್ಷೆಯ ಪಟ್ಟಿಯನ್ನೇ ನೆಚ್ಚಬೇಡಿ. ಪಿಸಿಒಡಿಯಲ್ಲಿ ಎಲ್‌ಎಚ್ ಮೊದಲೇ ಹೆಚ್ಚಿರಬಹುದಾದ್ದರಿಂದ ಅದು ಸುಳ್ಳೇ ಗೆರೆ ತೋರಿಸೀತು.

ಹೊಟ್ಟೆ ಬಿಗಿದು ಉಬ್ಬಿದರೆ, ವಾಂತಿ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಉಸಿರು ಸಿಕ್ಕಿದಂತಾದರೆ ಅಂದೇ ಆಸ್ಪತ್ರೆಗೆ ಹೋಗಿ. ಅಂಡಾಶಯ ಅತಿಯಾಗಿ ಪ್ರಚೋದನೆಗೊಂಡಿರುವ ಲಕ್ಷಣವಿದು. ಮಾತ್ರೆಯಲ್ಲಿ ಅಪರೂಪ, ಎಫ್‌ಎಸ್‌ಎಚ್ ಇಂಜೆಕ್ಷನ್‌ಗಳಲ್ಲಿ ಹೆಚ್ಚು.

ಗರ್ಭ ಪರೀಕ್ಷೆಗೆ ಅವಸರ ಬೇಡ. ಇಂಜೆಕ್ಷನ್‌ನ ಎಚ್‌ಸಿಜಿ ಸುಮಾರು ಹತ್ತು ದಿನ ಮೂತ್ರದಲ್ಲಿ ಉಳಿದು ಎರಡು ಗೆರೆ ಮೂಡಿಸಬಹುದು; ಎರಡು ವಾರ ಕಳೆಯಲಿ. ಮುಟ್ಟಾದರೆ, ಹಿಂದಿನ ತಿಂಗಳ ಚೀಟಿ ಹಿಡಿದು ಔಷಧಿ ಅಂಗಡಿಗೆ ಹೋಗಬೇಡಿ. ಅಂಡಾಣು ಹೊರಬಂದಿತ್ತೇ ಎಂಬುದನ್ನು ಸ್ಕ್ಯಾನ್ ಅಥವಾ ಪ್ರೊಜೆಸ್ಟರಾನ್ ಪರೀಕ್ಷೆಯಿಂದ ತಿಳಿದು, ಬಂದಿದ್ದರೆ ಅದೇ ಡೋಸ್, ಬಂದಿಲ್ಲದಿದ್ದರೆ ಹೆಚ್ಚಿನ ಡೋಸ್ ಎಂದು ವೈದ್ಯರು ನಿರ್ಧರಿಸುತ್ತಾರೆ.