ಕೋಶದೊಳಗಿನ ಒತ್ತಡ ಅಳೆಯುವುದು ಹೇಗೆ: ಮೊದಲು ಕಂಟ್ರೋಲ್ ಪ್ಲೇಟ್ ನೆಮ್ಮದಿಯಾಗಿರಲಿ

ಎಂ.ಎಸ್ಸಿ. ವಿದ್ಯಾರ್ಥಿಗಳ ಪ್ರಾಜೆಕ್ಟ್ ಮುಗಿಯುವ ಹೊತ್ತಿಗೆ ನನ್ನ ಮೇಜಿಗೆ ಬರುವ ಜೆಲ್ ಚಿತ್ರಗಳಲ್ಲಿ ಒಂದೇ ದೋಷ ವರ್ಷವರ್ಷವೂ ಕಾಣಿಸಿಕೊಳ್ಳುತ್ತದೆ. ಒತ್ತಡ ತರುವ ಔಷಧ ಹಾಕಿದ ಕೋಶಗಳ ಸಾಲಿನಲ್ಲಿ ಮಾತ್ರ ಇರಬೇಕಾದ ಒತ್ತಡದ (ಅಂದರೆ ಪ್ರೋಟೀನುಗಳ ಮಡಿಕೆ ಕೆಟ್ಟಾಗ ಕೋಶ ಪಡುವ ಪಾಡಿನ) ಗುರುತು ಔಷಧ ಹಾಕದ, ಹೋಲಿಕೆಗಿಟ್ಟ ಕಂಟ್ರೋಲ್ ಕೋಶಗಳ ಸಾಲಿನಲ್ಲೂ ಅಷ್ಟೇ ದಟ್ಟವಾಗಿ ಕುಳಿತಿರುತ್ತದೆ. ಔಷಧ ಹಳತಾಗಿರಬೇಕೆಂದು ವಿದ್ಯಾರ್ಥಿಗಳು ಹೊಸ ಬಾಟಲಿ ತರಿಸುತ್ತಾರೆ, ಎರಡು ವಾರ ಕಾಯುತ್ತಾರೆ, ಮತ್ತೆ ಅದೇ ಚಿತ್ರ ಬರುತ್ತದೆ. ಹಿಂದಿನ ಎರಡು ದಿನ ಆ ಕೋಶಗಳಿಗೆ ಏನು ಉಣ್ಣಿಸಿದರು, ಎಷ್ಟು ಹೊತ್ತು ಹೊರಗಿಟ್ಟರು ಎಂದು ಕೇಳಿದಾಗಲೇ ಕಾರಣ ಹೊರಬೀಳುತ್ತದೆ. ಆದ್ದರಿಂದ ಈ ಪರೀಕ್ಷೆಯನ್ನು ಮಾಡುವ ಕ್ರಮವನ್ನು ಇಲ್ಲಿ ವಿವರಿಸುವಾಗ, ಕೈಪಿಡಿಗಳು ಒಂದೇ ಸಾಲಿನಲ್ಲಿ ಮುಗಿಸುವ ಕೋಶಪಾಲನೆಯ ಹಂತಕ್ಕೆ ನಾನು ಹೆಚ್ಚು ಜಾಗ ಕೊಡುತ್ತೇನೆ.

ಏನನ್ನು ಅಳೆಯುತ್ತಿದ್ದೇವೆ?

ಕೋಶದಿಂದ ಹೊರಗೆ ಹೋಗಬೇಕಾದ ಮತ್ತು ಕೋಶಪೊರೆಯಲ್ಲಿ ನೆಲೆಯೂರಬೇಕಾದ ಪ್ರೋಟೀನುಗಳು, ಅಂದರೆ ಕೋಶದ ಒಟ್ಟು ಪ್ರೋಟೀನುಗಳಲ್ಲಿ ಸುಮಾರು ಮೂರನೆಯ ಒಂದು ಭಾಗ, ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಜಾಲದೊಳಗೆ ನೂಲಿನ ಎಳೆಯಂತೆ ಪ್ರವೇಶಿಸಿ, ಅಲ್ಲಿಯೇ ಮಡಚಿಕೊಂಡು ತಮ್ಮ ಆಕಾರ ಪಡೆಯುತ್ತವೆ. ಇನ್ಸುಲಿನ್ನಿನ ಪೂರ್ವರೂಪವಾದ ಪ್ರೋಇನ್ಸುಲಿನ್ ಅಲ್ಲಿ ಮೂರು ಗಂಧಕದ ಬಂಧಗಳನ್ನು ಸರಿಯಾದ ಜೋಡಿಗಳ ನಡುವೆಯೇ ಕಟ್ಟಿಕೊಳ್ಳಬೇಕು. ಅಕಿಟಾ ಎಂಬ ಇಲಿಯ ತಳಿಯಲ್ಲಿ ಆ ಬಂಧ ಕಟ್ಟಬೇಕಾದ ಒಂದು ಸಿಸ್ಟೀನ್ ಜಾಗದಲ್ಲಿ ಟೈರೋಸಿನ್ ಇದೆ. ಆ ಒಂದು ಅಮೈನೋ ಆಮ್ಲ ಬದಲಾದುದರಿಂದ ಪ್ರೋಟೀನ್ ಮಡಿಕೆ ಕೆಟ್ಟು, ಇನ್ಸುಲಿನ್ ತಯಾರಿಸುವ ಕೋಶಗಳು ಸೊರಗಿ, ಇಲಿಗೆ ಸಕ್ಕರೆ ಕಾಯಿಲೆ ಬರುತ್ತದೆ.

ಮಡಿಕೆ ಕೆಟ್ಟ ಪ್ರೋಟೀನುಗಳು ಜಾಲದೊಳಗೆ ಒಟ್ಟುಗೂಡಿದರೆ ಪೊರೆಯಲ್ಲಿರುವ ಮೂರು ಕಾವಲು ಪ್ರೋಟೀನುಗಳು ಎಚ್ಚರಗೊಳ್ಳುತ್ತವೆ. ಪರ್ಕ್ ಹೊಸ ಪ್ರೋಟೀನುಗಳ ತಯಾರಿಕೆಯನ್ನು ತಗ್ಗಿಸುತ್ತದೆ. ಎಟಿಎಫ್6 ಗಾಲ್ಗಿ ಎಂಬ ಕೋಶದ ಇನ್ನೊಂದು ಪೊರೆಭಾಗಕ್ಕೆ ಸಾಗಿ, ಅಲ್ಲಿ ಕತ್ತರಿಸಲ್ಪಟ್ಟು, ಅದರ ತುಣುಕು ಕೋಶಕೇಂದ್ರಕ್ಕೆ ಹೋಗುತ್ತದೆ. ಐಆರ್‌ಇ1 ಎಂಬ ಮೂರನೆಯದು ಎಕ್ಸ್‌ಬಿಪಿ1 ಎಂಬ ಸಂದೇಶವಾಹಕ ಆರ್‌ಎನ್‌ಎಯಿಂದ ಸರಿಯಾಗಿ 26 ಅಕ್ಷರಗಳನ್ನು (ನ್ಯೂಕ್ಲಿಯೋಟೈಡ್‌ಗಳನ್ನು) ಕತ್ತರಿಸಿ ತೆಗೆಯುತ್ತದೆ. ಐಆರ್‌ಇ1 ಈ ಕಾವಲು ಕೆಲಸ ಮಾಡುತ್ತದೆಂದು ಯೀಸ್ಟಿನಲ್ಲಿ ತಿಳಿದದ್ದು 1993ರಲ್ಲಿ. ಪ್ರಾಣಿಕೋಶಗಳಲ್ಲಿ ಅದು ಕತ್ತರಿಸುವುದು ಎಕ್ಸ್‌ಬಿಪಿ1 ಅನ್ನು ಎಂದು ತಿಳಿದದ್ದು 2001ರಲ್ಲಿ. ಈ 26 ಅಕ್ಷರಗಳು ಹೋಗಿವೆಯೇ ಇಲ್ಲವೇ ಎಂಬುದನ್ನು ಸಾಮಾನ್ಯ ಪಿಸಿಆರ್ ಯಂತ್ರ (ಡಿಎನ್‌ಎ ತುಂಡನ್ನು ಹಲವು ಪಟ್ಟು ನಕಲಿಸುವಂಥದ್ದು) ಮತ್ತು ಅಗರೋಸ್ ಜೆಲ್ (ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವಂಥದ್ದು) ಇರುವ ಯಾವ ಕಾಲೇಜಿನಲ್ಲೂ ನೋಡಬಹುದು. ಹೀಗಾಗಿ ಮೊದಲ ಬಾರಿ ಮಾಡುವವರು ಎಕ್ಸ್‌ಬಿಪಿ1ರಿಂದಲೇ ಆರಂಭಿಸಬೇಕೆಂಬುದು ನನ್ನ ಖಚಿತ ಸಲಹೆ.

ಮೊದಲ ಹಂತ: ಕೋಶಗಳನ್ನು ನೆಮ್ಮದಿಯಾಗಿಡುವುದು

ಒತ್ತಡ ಬಂದಾಗ ಹೆಚ್ಚುವ ಮುಖ್ಯ ಸಹಾಯಕ ಪ್ರೋಟೀನಿಗೆ ಜಿಆರ್‌ಪಿ78 ಎಂಬ ಹೆಸರಿದೆ. ಬಿಪ್ ಎಂದೂ ಅದನ್ನೇ ಕರೆಯುತ್ತಾರೆ. ಜಿಆರ್‌ಪಿಯ ಮೊದಲ ಅಕ್ಷರ ಗ್ಲೂಕೋಸನ್ನು ಸೂಚಿಸುತ್ತದೆ. ರೌಸ್ ಸಾರ್ಕೋಮಾ ವೈರಸ್ ತಗುಲಿದ ಕೋಳಿಮರಿಯ ಕೋಶಗಳಲ್ಲಿ ಎರಡು ಪ್ರೋಟೀನುಗಳು ಹೆಚ್ಚುತ್ತಿದ್ದುದನ್ನು ಕಂಡವರು ಅದು ಕೋಶ ಕ್ಯಾನ್ಸರಿನ ಸ್ವರೂಪಕ್ಕೆ ತಿರುಗಿದುದರ ಪರಿಣಾಮವೆಂದು ಭಾವಿಸಿದ್ದರು. ಆ ಕೋಶಗಳು ವೇಗವಾಗಿ ಬೆಳೆದು ಮೀಡಿಯಂನಲ್ಲಿ, ಅಂದರೆ ಕೋಶಗಳನ್ನು ಬೆಳೆಸುವ ಪೋಷಕ ದ್ರವದಲ್ಲಿ, ಇದ್ದ ಗ್ಲೂಕೋಸನ್ನೆಲ್ಲ ಖಾಲಿ ಮಾಡುತ್ತಿದ್ದುದೇ ಕಾರಣವೆಂದು 1977ರಲ್ಲಿ ಸ್ಪಷ್ಟವಾಯಿತು. ಸಕ್ಕರೆ ಸಾಲದಿದ್ದರೆ ಪ್ರೋಟೀನಿಗೆ ಅಂಟಿಸಬೇಕಾದ ಸಕ್ಕರೆಯ ಗೊಂಚಲು ಸಿದ್ಧವಾಗುವುದಿಲ್ಲ, ಗೊಂಚಲು ಇಲ್ಲದೆ ಅನೇಕ ಪ್ರೋಟೀನುಗಳು ಸರಿಯಾಗಿ ಮಡಚಿಕೊಳ್ಳುವುದಿಲ್ಲ. ನಮ್ಮ ವಿದ್ಯಾರ್ಥಿಗಳ ಕಂಟ್ರೋಲ್ ಪ್ಲೇಟಿನಲ್ಲಿ ಇಂದೂ ನಡೆಯುತ್ತಿರುವುದು ಇದೇ.

ಆದ್ದರಿಂದ ಪ್ರಯೋಗದ ಹಿಂದಿನ ದಿನ ಕೋಶಗಳನ್ನು ಬಿತ್ತುವಾಗ, ಮರುದಿನ ಪ್ಲೇಟಿನ ತಳದ ಶೇಕಡಾ ಅರವತ್ತರಿಂದ ಎಪ್ಪತ್ತು ಭಾಗ ಮಾತ್ರ ತುಂಬುವಂತೆ ಲೆಕ್ಕ ಹಾಕಿ. ಕೋಶಗಳು ಒತ್ತೊತ್ತಾಗಿ ತುಂಬಿ ಮೀಡಿಯಂ ಹಳದಿಗೆ ತಿರುಗಿದ ಪ್ಲೇಟನ್ನು, ಸಮಯ ಎಷ್ಟೇ ಕಡಿಮೆ ಇರಲಿ, ಬಳಸಬೇಡಿ. ಶುಕ್ರವಾರ ಬಿತ್ತಿ ಸೋಮವಾರ ಪ್ರಯೋಗ ಮಾಡುವುದು ನಾನು ಕಂಡ ಅತಿ ಸಾಮಾನ್ಯವಾದ ಅಡ್ಡದಾರಿ, ಅದರಿಂದ ಒಳ್ಳೆಯ ಕಂಟ್ರೋಲ್ ಬಂದದ್ದನ್ನು ನಾನು ನೋಡಿಲ್ಲ. ಔಷಧವನ್ನು ಹಳೆಯ ಮೀಡಿಯಂಗೆ ನೇರವಾಗಿ ತೊಟ್ಟಿಕ್ಕುವುದೂ ಬೇಡ. 37 ಡಿಗ್ರಿಗೆ ಬೆಚ್ಚಗೆ ಮಾಡಿದ ತಾಜಾ ಮೀಡಿಯಂನಲ್ಲಿ ಔಷಧ ಬೆರೆಸಿಟ್ಟುಕೊಂಡು, ಕಂಟ್ರೋಲ್ ಸೇರಿದಂತೆ ಎಲ್ಲ ವೆಲ್‌ಗಳ (ಪ್ಲೇಟಿನ ಗುಳಿಗಳ) ಮೀಡಿಯಂ ಅನ್ನು ಒಂದೇ ಹೊತ್ತಿಗೆ ಬದಲಿಸಿ. ಔಷಧದ ಜೊತೆ ಎಷ್ಟು ಡಿಎಂಎಸ್‌ಒ (ಔಷಧ ಕರಗಿಸುವ ದ್ರಾವಕ) ಹೋಗುತ್ತದೆಯೋ ಅಷ್ಟೇ ಡಿಎಂಎಸ್‌ಒ ಕಂಟ್ರೋಲ್ ವೆಲ್‌ಗೂ ಹೋಗಬೇಕು. ಏನನ್ನೂ ಹಾಕದ ವೆಲ್ ಕಂಟ್ರೋಲ್ ಎನಿಸಿಕೊಳ್ಳುವುದಿಲ್ಲ.

ಸೂಕ್ಷ್ಮದರ್ಶಕದಡಿ ಹೆಚ್ಚು ಹೊತ್ತು ನೋಡುತ್ತ ಕುಳಿತುಕೊಳ್ಳುವ ಅಭ್ಯಾಸವೂ ಹಾನಿ ಮಾಡುತ್ತದೆ. ಒಮ್ಮೆ ಒಬ್ಬ ವಿದ್ಯಾರ್ಥಿನಿ ಆರು ಪ್ಲೇಟುಗಳನ್ನು ಏರ್ ಕಂಡಿಷನರ್‌ನ ಗಾಳಿ ನೇರವಾಗಿ ಬೀಸುವ ಮೇಜಿನ ಮೇಲೆ ಸಾಲಾಗಿಟ್ಟು, ಒಂದೊಂದರ ಚಿತ್ರ ತೆಗೆದು, ಕೊನೆಯದನ್ನು ಮುಟ್ಟುವ ಹೊತ್ತಿಗೆ ನಲವತ್ತು ನಿಮಿಷ ಕಳೆದಿತ್ತು. ಆ ದಿನದ ಸಮಯವಾರು ಫಲಿತಾಂಶದಲ್ಲಿ ಒಂದು ಗಂಟೆಯದು ಮತ್ತು ಎರಡು ಗಂಟೆಯದು ಎಂದು ಬೇರ್ಪಡಿಸಲು ಏನೂ ಉಳಿದಿರಲಿಲ್ಲ. ಇನ್‌ಕ್ಯುಬೇಟರಿನಿಂದ ಒಂದು ಸಲಕ್ಕೆ ಒಂದೇ ಪ್ಲೇಟ್ ಹೊರಗೆ ಬರಲಿ.

ಎರಡನೆಯ ಹಂತ: ಒತ್ತಡ ಹಾಕುವುದು

ಟ್ಯೂನಿಕಾಮೈಸಿನ್ ಸಕ್ಕರೆಯ ಗೊಂಚಲು ಕಟ್ಟುವ ಮೊದಲ ಮೆಟ್ಟಿಲನ್ನೇ ತಡೆಯುತ್ತದೆ. ಥಾಪ್ಸಿಗಾರ್ಗಿನ್ ಜಾಲದೊಳಗೆ ಕ್ಯಾಲ್ಸಿಯಂ ತುಂಬುವ ಪಂಪನ್ನು ನಿಲ್ಲಿಸುತ್ತದೆ. ಡಿಟಿಟಿ ಗಂಧಕದ ಬಂಧಗಳನ್ನು ಬಿಡಿಸುತ್ತದೆ. ಮೂರರಲ್ಲಿ ನಾನು ಆರಿಸುವುದು ಟ್ಯೂನಿಕಾಮೈಸಿನ್ನನ್ನು, ಏಕೆಂದರೆ ಅದರ ಕೆಲಸ ನಿಧಾನವಾದುದರಿಂದ ಕಲಿಯುವವರ ಕೈಗೆ ಸಮಯ ಸಿಗುತ್ತದೆ. ಮಿಲಿಲೀಟರಿಗೆ 2 ಮಿಲಿಗ್ರಾಂ ಇರುವ ಮೂಲ ದ್ರಾವಣವನ್ನು ಡಿಎಂಎಸ್‌ಒದಲ್ಲಿ ಮಾಡಿ ಸಣ್ಣ ಸಣ್ಣ ಪಾಲುಗಳಾಗಿ ಶೈತ್ಯದಲ್ಲಿಟ್ಟರೆ, ಪ್ರತಿ ಮಿಲಿಲೀಟರ್ ಮೀಡಿಯಂಗೆ 1 ಮೈಕ್ರೋಲೀಟರ್ ಹಾಕಿದಾಗ 2 ಮೈಕ್ರೋಗ್ರಾಂ ಆಗುತ್ತದೆ. ಡಿಟಿಟಿ ಬಳಸುವವರು ಆ ದಿನವೇ ಪುಡಿಯಿಂದ ಕರಗಿಸಿಕೊಳ್ಳಬೇಕು, ಶೆಲ್ಫಿನ ಮೇಲೆ ವಾರಗಟ್ಟಲೆ ಇದ್ದ ದ್ರಾವಣ ಗಾಳಿಯ ಆಮ್ಲಜನಕದಿಂದ ಶಕ್ತಿ ಕಳೆದುಕೊಂಡಿರುತ್ತದೆ. ಇವೆಲ್ಲ ವಿಷಗಳೇ ಆದ್ದರಿಂದ ಕೈಗವಸು ಕಡ್ಡಾಯ.

ಸಮಯದ ವಿಷಯದಲ್ಲಿ ಪ್ರತಿಯೊಬ್ಬರೂ ಮುಗ್ಗರಿಸುತ್ತಾರೆ. ರಾತ್ರಿ ಔಷಧ ಹಾಕಿ ಬೆಳಗ್ಗೆ ಬಂದು ಎಕ್ಸ್‌ಬಿಪಿ1 ನೋಡಿದರೆ, ಅಷ್ಟರಲ್ಲಿ ಐಆರ್‌ಇ1ರ ಚಟುವಟಿಕೆ ತಗ್ಗಿ, ಕತ್ತರಿಸಿದ ರೂಪ ಬಹುಪಾಲು ಇಳಿದುಹೋಗಿರಬಹುದು. ಅದಕ್ಕೆ 2, 4, 6 ಗಂಟೆಗಳ ಮಾದರಿಗಳು ಬೇಕು. ಬಿಪ್ ಪ್ರೋಟೀನಿನ ಏರಿಕೆಯಾದರೋ ಹದಿನಾರರಿಂದ ಇಪ್ಪತ್ತನಾಲ್ಕು ಗಂಟೆಯ ಮಾದರಿಯಲ್ಲಿ ಚೆನ್ನಾಗಿ ಕಾಣುತ್ತದೆ. ಎರಡನ್ನೂ ಒಂದೇ ಪ್ಲೇಟಿನಿಂದ, ಒಂದೇ ಹೊತ್ತಿಗೆ ತೆಗೆದು ‘ಒಂದು ಬಂತು, ಒಂದು ಬರಲಿಲ್ಲ’ ಎಂದು ಬರೆಯುವುದು ಸರಿಯಲ್ಲ.

ಮೂರನೆಯ ಹಂತ: ಕೋಶಗಳನ್ನು ಒಡೆಯುವುದು

ಮೀಡಿಯಂ ತೆಗೆದು, ತಣ್ಣನೆಯ ಉಪ್ಪುನೀರಿನ ಬಫರಿನಲ್ಲಿ ಒಮ್ಮೆ ತೊಳೆದು, ಫೀನಾಲ್ ಇರುವ ಆರ್‌ಎನ್‌ಎ ದ್ರಾವಣವನ್ನು ವೆಲ್‌ಗೇ ನೇರವಾಗಿ ಸುರಿಯಿರಿ. ಟ್ರಿಪ್ಸಿನ್ ಕಿಣ್ವ ಹಾಕಿ, ಕೋಶಗಳನ್ನು ತಳದಿಂದ ಎಬ್ಬಿಸಿ, ಸೆಂಟ್ರಿಫ್ಯೂಜ್ ಮಾಡಿ, ಆಮೇಲೆ ಒಡೆಯುವ ಪದ್ಧತಿಯನ್ನು ಈ ಪರೀಕ್ಷೆಯಲ್ಲಿ ಬಿಟ್ಟುಬಿಡಿ. ಆ ಕಾಲು ಗಂಟೆ ನಿಮ್ಮ ಲೆಕ್ಕಕ್ಕೆ ಸಿಗದ ಒತ್ತಡ. ಆರ್‌ಎನ್‌ಎ ಶುದ್ಧೀಕರಣ ಮತ್ತು ಸಿಡಿಎನ್‌ಎ (ಆರ್‌ಎನ್‌ಎಯ ಡಿಎನ್‌ಎ ಪ್ರತಿ) ತಯಾರಿಕೆ ಎಂದಿನಂತೆಯೇ.

ನಾಲ್ಕನೆಯ ಹಂತ: 26 ಅಕ್ಷರಗಳನ್ನು ಜೆಲ್‌ನಲ್ಲಿ ಬೇರ್ಪಡಿಸುವುದು

ಪ್ರೈಮರ್ ಜೋಡಿ (ಪಿಸಿಆರ್ ನಕಲನ್ನು ಆರಂಭಿಸುವ ಎರಡು ಚಿಕ್ಕ ಡಿಎನ್‌ಎ ತುಂಡುಗಳು) ಐಆರ್‌ಇ1 ಕತ್ತರಿಸುವ ಜಾಗದ ಎರಡೂ ಬದಿಗೆ ಇರಬೇಕು. ಮೂಲ ರೂಪ 289 ಅಕ್ಷರಗಳ ತುಂಡು ಕೊಡುವ ಜೋಡಿಯಾದರೆ, ಕತ್ತರಿಸಿದ ರೂಪ 263 ಅಕ್ಷರಗಳದು. ಇಷ್ಟು ಸಣ್ಣ ವ್ಯತ್ಯಾಸ ಶೇಕಡಾ 1ರ ಜೆಲ್‌ನಲ್ಲಿ ಒಂದೇ ದಪ್ಪ ಪಟ್ಟಿಯಾಗಿ ಕಾಣುತ್ತದೆ. ಶೇಕಡಾ 3ರ ಜೆಲ್ ಬೇಕು, ಅದೂ ಸಣ್ಣ ತುಂಡುಗಳಿಗೆಂದೇ ಮಾರುವ ಅಗರೋಸ್ ಆದರೆ ಒಳ್ಳೆಯದು. ಅಗ್ಗದ ಅಗರೋಸ್ ಶೇಕಡಾ 3ರಲ್ಲಿ ಗಂಟುಗಂಟಾಗಿ ಕರಗಿ ಪಟ್ಟಿಗಳನ್ನು ಮಸುಕಾಗಿಸುತ್ತದೆ; ಉಳಿದ ಸಾಮಗ್ರಿಯಲ್ಲಿ ಬೇಕಾದರೆ ಉಳಿತಾಯ ಮಾಡಿ, ಇದರಲ್ಲಿ ಬೇಡ. ಬಣ್ಣವನ್ನು ಮೊದಲೇ ಬೆರೆಸಿಟ್ಟ ಸಿದ್ಧ ಪಿಸಿಆರ್ ಮಿಶ್ರಣಗಳನ್ನೂ ನಾನು ಇಲ್ಲಿ ದೂರವಿಡುತ್ತೇನೆ, ಬಣ್ಣದ ನೆರಳು ಪಟ್ಟಿಯ ಮೇಲೆ ಬಿದ್ದರೆ ತೆಳುವಾದುದು ಕಣ್ಣಿಗೆ ಬೀಳುವುದಿಲ್ಲ. 80 ವೋಲ್ಟಿನಲ್ಲಿ ನಿಧಾನವಾಗಿ ಓಡಿಸಿ; ಅವಸರಕ್ಕೆ ವೋಲ್ಟೇಜ್ ಏರಿಸಿದರೆ ಜೆಲ್ ಬಿಸಿಯಾಗಿ ಪಟ್ಟಿಗಳು ನಗುಮುಖದಂತೆ ಬಾಗುತ್ತವೆ.

ಚಿತ್ರದಲ್ಲಿ ಎರಡರ ಬದಲು ಮೂರು ಪಟ್ಟಿಗಳು ಬಂದರೆ ಗಾಬರಿಪಡಬೇಡಿ, ಹೊಸ ರೂಪವೊಂದು ಸಿಕ್ಕಿತೆಂದು ಬರೆಯಲೂ ಬೇಡಿ. ಪಿಸಿಆರ್‌ನ ಕೊನೆಯ ಸುತ್ತುಗಳಲ್ಲಿ ಪ್ರೈಮರ್ ಮುಗಿಯುತ್ತ ಬಂದಾಗ, ಮೂಲ ರೂಪದ ಒಂದು ಎಳೆ ಮತ್ತು ಕತ್ತರಿಸಿದ ರೂಪದ ಒಂದು ಎಳೆ ಪರಸ್ಪರ ಜೋಡಿಯಾಗುತ್ತವೆ. ಜೋಡಿ ಸಿಗದ 26 ಅಕ್ಷರಗಳು ನಡುವೆ ಕುಣಿಕೆಯಂತೆ ಹೊರಚಾಚುವುದರಿಂದ ಆ ಮಿಶ್ರ ಜೋಡಿ ಜೆಲ್‌ನಲ್ಲಿ ತಡವರಿಸಿ, ಎರಡಕ್ಕಿಂತಲೂ ಮೇಲೆ ನಿಲ್ಲುತ್ತದೆ. ಅದು ಇದೆಯೆಂದರೆ ಕತ್ತರಿಸಿದ ರೂಪ ಇದೆಯೆಂದೇ ಅರ್ಥ, ಆದರೆ ಪಟ್ಟಿಗಳ ದಟ್ಟಣೆಯನ್ನು ಅಳೆದು ಶೇಕಡಾವಾರು ಲೆಕ್ಕ ಹಾಕಲು ಅದು ಅಡ್ಡಿಯಾಗುತ್ತದೆ. ಸುತ್ತುಗಳನ್ನು 40ರಿಂದ 28ಕ್ಕೆ ಇಳಿಸಿದಾಗ ಬಹುಮಟ್ಟಿಗೆ ಮಾಯವಾಗುತ್ತದೆ. ಯಾವ ಪಟ್ಟಿ ಯಾವುದೆಂಬ ಅನುಮಾನ ಉಳಿದರೆ ಪಿಎಸ್‌ಟಿ1 ಕಿಣ್ವದಿಂದ ಕತ್ತರಿಸಿ ನೋಡಿ: ಆ ಕಿಣ್ವದ ಗುರುತು ಮೂಲ ರೂಪದಲ್ಲಿ ಮಾತ್ರ ಇರುವುದರಿಂದ ಅದು ಎರಡು ತುಂಡಾಗುತ್ತದೆ, ಐಆರ್‌ಇ1 ಕತ್ತರಿಸಿದ ರೂಪ ಇಡಿಯಾಗಿ ಉಳಿಯುತ್ತದೆ.

ಐದನೆಯ ಹಂತ: ಎರಡನೆಯ ಸಾಕ್ಷಿ

ಒಂದೇ ಗುರುತಿನ ಮೇಲೆ ತೀರ್ಮಾನ ಬರೆಯಬಾರದು. ಬಿಪ್‌ಗಾಗಿ ವೆಸ್ಟರ್ನ್ ಬ್ಲಾಟ್ (ಆಂಟಿಬಾಡಿಯಿಂದ ಪ್ರೋಟೀನನ್ನು ಗುರುತಿಸುವ ಪರೀಕ್ಷೆ) ಮಾಡುವವರು ಆಂಟಿಬಾಡಿಯ ವಿವರ ಓದಿ ಕೊಳ್ಳಬೇಕು. ಕೆಡಿಇಎಲ್ ಎಂಬ ಬಾಲವನ್ನು ಗುರುತಿಸುವ ಆಂಟಿಬಾಡಿ ಬಿಪ್ ಜೊತೆಗೆ ಅದೇ ಬಾಲವಿರುವ ಜಿಆರ್‌ಪಿ94 ಎಂಬ ಪ್ರೋಟೀನನ್ನೂ ತೋರಿಸುತ್ತದೆ; 78 ಕಿಲೋಡಾಲ್ಟನ್ನಿನ ಪಟ್ಟಿಯೊಂದೇ ಬಿಪ್. ಪರ್ಕ್ ಮಾರ್ಗಕ್ಕಾಗಿ, ಪರ್ಕ್ ಫಾಸ್ಫೇಟ್ ಅಂಟಿಸುವ ಇಐಎಫ್2 ಆಲ್ಫಾ ಎಂಬ ಪ್ರೋಟೀನಿನ ಫಾಸ್ಫೇಟ್ ರೂಪವನ್ನು ನೋಡುವವರು ಕೋಶ ಒಡೆಯುವ ಬಫರಿಗೆ ಫಾಸ್ಫಟೇಸ್ (ಫಾಸ್ಫೇಟ್ ಕಳಚುವ ಕಿಣ್ವ) ತಡೆಯುವ ವಸ್ತುಗಳನ್ನು ಸೇರಿಸಬೇಕು. ಜಿಸಿಎನ್2, ಪಿಕೆಆರ್, ಎಚ್‌ಆರ್‌ಐ ಎಂಬ ಇನ್ನೂ ಮೂರು ಕಿಣ್ವಗಳು ಅದೇ ಜಾಗಕ್ಕೆ ಫಾಸ್ಫೇಟ್ ಅಂಟಿಸುತ್ತವೆ. ಅಮೈನೋ ಆಮ್ಲದ ಕೊರತೆಯಿಂದಲೂ ವೈರಸ್ ಸೋಂಕಿನಿಂದಲೂ ಆ ಗುರುತು ಬರುತ್ತದೆಯಾದ್ದರಿಂದ, ಎಕ್ಸ್‌ಬಿಪಿ1 ಅಥವಾ ಬಿಪ್ ಜೊತೆಗಿಲ್ಲದೆ ಅದೊಂದನ್ನೇ ಹಿಡಿದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನ ಒತ್ತಡವೆಂದು ಹೇಳಲಾಗದು.

ಚಿತ್ರ ಕೈಗೆ ಬಂದ ಮೇಲೆ ಡಿಎಂಎಸ್‌ಒ ಸಾಲನ್ನು ಮೊದಲು ಓದಿ, ಔಷಧದ ಸಾಲನ್ನು ಆಮೇಲೆ. ಕಂಟ್ರೋಲ್‌ನಲ್ಲಿ 263ರ ಪಟ್ಟಿ ಇಲ್ಲದಿದ್ದರೆ ಅಥವಾ ಕಂಡೂ ಕಾಣದಷ್ಟು ತೆಳುವಾಗಿದ್ದರೆ ಮುಂದುವರಿಯಿರಿ. ದಟ್ಟವಾಗಿದ್ದರೆ ಆ ದಿನದ ಮಾದರಿಗಳನ್ನೆಲ್ಲ ಬದಿಗಿಟ್ಟು, ಬಿತ್ತಿದ ಕೋಶಗಳ ಸಂಖ್ಯೆಯನ್ನು ಅರ್ಧಕ್ಕಿಳಿಸಿ, ಮೀಡಿಯಂ ಬದಲಿಸಿದ ಗಂಟೆಯನ್ನು ಪುಸ್ತಕದಲ್ಲಿ ಬರೆದುಕೊಂಡು, ಮೊದಲ ಹಂತದಿಂದ ಮತ್ತೆ ಆರಂಭಿಸಿ.